ಮಂಗಳವಾರದ ಮಹಾರಾಜರು

ಡೌನರ್ಸ್ ಗ್ರೋವ್
9 ಫೆಬ್ರವರಿ 2025, ಭಾನುವಾರ

ಪ್ರೀತಿಯ ವರ್ಷಾ,

ಹೇಗಿದ್ದೀಯ ಕಂದಾ? ಸಂಕ್ರಾಂತಿಯ ದಿನ ಫೋನಿನಲ್ಲಿ "ನಾಳೆಯೇ ಕಳಿಸ್ತೀನಿ" ಎಂದಿದ್ದ ಶೇಂಗಾ ಚಟ್ನಿಪುಡಿ ಈಗ ಹೊರಡುತ್ತಿದೆ. ತಪ್ಪು ನನ್ನದಲ್ಲ. ಮೊದಲು ಮಾಡಿದ್ದನ್ನು ನಿಮ್ಮಪ್ಪ ರುಚಿ ನೋಡುತ್ತೇನೆಂದು ಹೇಳಿ ಹೇಳಿಯೇ ಖಾಲಿ ಮಾಡಿದರು. ಇದು ಎರಡನೆಯದು. ಅವರು ಸ್ನೋ ಬ್ಲೋವರ್ ತೆಗೆದುಕೊಂಡು ಹೊರಗೆ ಹೋದ ಹೊತ್ತು ನೋಡಿ ಡಬ್ಬಕ್ಕೆ ತುಂಬಿದೆ.

ಜೊತೆಗೆ ಈ ಕಾಗದವನ್ನೂ ಇಟ್ಟಿದ್ದೇನೆ. ಇಂಗ್ಲಿಷಿನಲ್ಲಿ ಮೆಸೇಜು ಮಾಡಿದರೆ ನೀನು ನಡೆಯುತ್ತಲೇ ಓದಿ, ಒಂದು ಕೆಂಪು ಹೃದಯ ಒತ್ತಿ ಮುಗಿಸಿಬಿಡುತ್ತೀಯ. ಕನ್ನಡವಾದರೆ ಎಲ್ಲಾದರೂ ಕೂತು ಓದಬೇಕು. ವರ್ಷಗಟ್ಟಲೆ ನಿನ್ನನ್ನು ಭಾನುವಾರದ ಕನ್ನಡ ಕ್ಲಾಸಿಗೆ ಎಳೆದುಕೊಂಡು ಹೋದದ್ದರ ಫಲ ನನಗೂ ಸ್ವಲ್ಪ ಸಿಗಬೇಡವೇ?

ಈಗ ದೊಡ್ಡ ಸುದ್ದಿ. ನಾನು ಸ್ಕೂಲಿಗೆ ಸೇರಿದ್ದೇನೆ.

ನಗಬೇಡ. ಆಸ್ಪತ್ರೆಯಲ್ಲಿ ಈಗ ವಾರಕ್ಕೆ ಮೂರೇ ದಿನ ಕೆಲಸ ಎಂದು ಹೇಳಿದ್ದೆನಲ್ಲ, ಮಂಗಳವಾರ ಬಿಡುವು. ನಮ್ಮ ಊರಿನ ಲೈಬ್ರರಿಯಲ್ಲಿ ಮಂಗಳವಾರ ಬೆಳಿಗ್ಗೆ 'ರಾಜರ ಯುಗ' ಎಂಬ ಕ್ಲಾಸು ಶುರುವಾಗಿದೆ. ಯುರೋಪಿನಲ್ಲಿ ರಾಜರು ಹೇಗೆ ಒಬ್ಬೊಬ್ಬರಾಗಿ ಎಲ್ಲ ಅಧಿಕಾರವನ್ನೂ ತಮ್ಮ ಮುಷ್ಟಿಗೆ ತೆಗೆದುಕೊಂಡರು ಎಂಬುದೇ ವಿಷಯ. ಹೇಳಿಕೊಡುವವರು ಮಿಸೆಸ್ ನೋವಾಕ್ ಎಂಬ ನಿವೃತ್ತ ಟೀಚರು. ಬಿಳಿ ಕೂದಲು, ಪಾರ್ಕಿಂಗ್ ಲಾಟಿನವರೆಗೂ ಕೇಳಿಸುವ ಗಂಟಲು. ವಿದ್ಯಾರ್ಥಿಗಳು ಒಂದು ಡಜನ್. ಅವರಲ್ಲಿ ಅತಿ ಚಿಕ್ಕವಳು ಐವತ್ತೆಂಟರ ನಾನು! ಪಕ್ಕದ ಕುರ್ಚಿಯ ಅಜ್ಜಿ ನನ್ನನ್ನು "ಯಂಗ್ ಲೇಡಿ" ಎಂದು ಕರೆದರು. ಅವತ್ತಿಡೀ ನನ್ನ ಮಂಡಿ ನೋಯಲಿಲ್ಲ.

ಯಾಕೆ ಬಂದಿರಿ ಎಂದು ಮಿಸೆಸ್ ನೋವಾಕ್ ಪ್ರತಿಯೊಬ್ಬರನ್ನೂ ಕೇಳಿದರು. ಎದೆಯವರೆಗೆ ಗಡ್ಡ ಬಿಟ್ಟ ವಾಲ್ಟರ್ ಎಂಬುವರು, "ಮಂಗಳವಾರವಾದರೂ ನಾನು ಮನೆಯಲ್ಲಿರಬಾರದು ಎಂದು ನನ್ನ ಹೆಂಡತಿಯ ಆಸೆ" ಎಂದರು. ನನ್ನ ಸರದಿ ಬಂದಾಗ, "ನನ್ನ ಮಗಳು ಆನ್ ಆರ್ಬರಿನಲ್ಲಿ ಇದನ್ನೇ ಓದುತ್ತಿದ್ದಾಳೆ, ಪಿಎಚ್‌ಡಿ ಮಾಡುತ್ತಿದ್ದಾಳೆ" ಎಂದೆ. ಎಲ್ಲರೂ ತಿರುಗಿ ನೋಡಿದರು. ನಾನು ಕುರ್ಚಿಯಲ್ಲಿ ಸ್ವಲ್ಪ ಎತ್ತರವಾಗಿಯೇ ಕೂತೆ.

ನನಗೆ ಒಂದೇ ಭಯವಿತ್ತು. ಮೂವತ್ತು ವರ್ಷ ಅನಸ್ತೇಶಿಯಾ ಕೊಟ್ಟು ಜನರನ್ನು ಮಲಗಿಸಿದವಳು ಇತಿಹಾಸದ ಪಾಠಕ್ಕೆ ನಾನೇ ಮಲಗಿಬಿಟ್ಟರೆ? ಆದರೆ ಮಿಸೆಸ್ ನೋವಾಕ್ ನೇರವಾಗಿ ಫ್ರಾನ್ಸಿನ ಹುಡುಗ ರಾಜ, ಹದಿನಾಲ್ಕನೆಯ ಲೂಯಿಯ ಮಲಗುವ ಕೋಣೆಗೇ ಕರೆದುಕೊಂಡು ಹೋದರು. ಪ್ಯಾರಿಸ್ಸಿನ ಜನ ದಂಗೆಯೆದ್ದು, ರಾಜ ಓಡಿಹೋಗಿದ್ದಾನೋ ಏನೋ ಎಂದು ಅರಮನೆಗೆ ನುಗ್ಗಿದರಂತೆ. ಹದಿಮೂರೂ ತುಂಬದ ಲೂಯಿ ಹಾಸಿಗೆಯಲ್ಲಿ ಕಣ್ಣು ಮುಚ್ಚಿ, ನಿದ್ದೆ ಬಂದವನ ಹಾಗೆ ಬಿದ್ದುಕೊಂಡಿದ್ದನಂತೆ. ಜನ ಸಾಲಾಗಿ ಬಂದು ಅವನ ಮುಖ ನೋಡಿ ಹೋದರಂತೆ. ನಿಜವಾದ ನಿದ್ದೆ ಯಾವುದು, ನಟನೆ ಯಾವುದು ಎಂದು ಗುರುತಿಸುವುದೇ ನನ್ನ ಕಸುಬು. ಭಯಪಟ್ಟ ಮಗುವಿನ ರೆಪ್ಪೆ ಹೇಗೆ ಅದುರುತ್ತದೆ ಎಂದು ನನಗೆ ಗೊತ್ತು. ಮುಂದೆ ಅವನು ಯಾರನ್ನೂ ನಂಬದೆ ಎಲ್ಲವನ್ನೂ ತನ್ನ ಕೈಯಲ್ಲೇ ಇಟ್ಟುಕೊಂಡ ಎಂದಾಗ ನನಗೆ ಆಶ್ಚರ್ಯವಾಗಲಿಲ್ಲ.

ಮನೆಗೆ ಬಂದು ನಿಮ್ಮಪ್ಪನಿಗೆ ಹೇಳಿದೆ. ರಾಜ ಬೆಳಿಗ್ಗೆ ಏಳುವಾಗ ದೊಡ್ಡ ದೊಡ್ಡ ಜಮೀನ್ದಾರರು ಸುತ್ತ ನಿಂತಿರುತ್ತಿದ್ದರು, ಅವನಿಗೆ ಅಂಗಿ ಎತ್ತಿ ಕೊಡುವುದೇ ಅವರಿಗೆ ದೊಡ್ಡ ಗೌರವ ಎಂದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಒಂದ ಅಂಗಿ ಹಾಕ್ಕೊಳ್ಳಾಕ ಇಷ್ಟ ಮಂದಿ ಬೇಕೇನ? ಅವರಿಗೆ ತಮ್ಮ ಮನ್ಯಾಗ ಕೆಲಸ ಇರಲಿಲ್ಲೇನ?" ಎಂದರು.

ಅವರ ಪ್ರಶ್ನೆ ಸರಿಯಾಗಿಯೇ ಇದೆ. ಸ್ವಂತ ಕೋಟೆ, ಸ್ವಂತ ಸೈನ್ಯ ಇದ್ದವರು ಯಾಕೆ ಬಂದು ಅಂಗಿ ಹಿಡಿದು ನಿಂತರು? ನಿನಗೆ ಬಿಡುವಾದಾಗ ಹೇಳು.

ಚಟ್ನಿಪುಡಿಗೆ ಮೊಸರು ಹಾಕಿಕೊಂಡು ತಿನ್ನು. ಬರೀ ಪುಡಿ ಖಾರ.

ಮುದ್ದುಗಳೊಂದಿಗೆ,
ನಿನ್ನ ಅಮ್ಮ

*

ಡೌನರ್ಸ್ ಗ್ರೋವ್
9 ಮಾರ್ಚ್ 2025, ಭಾನುವಾರ

ನನ್ನ ಬಂಗಾರ ವರ್ಷಾ,

ಬೇಗ ಉತ್ತರ ಬರೆಯಬೇಕೆಂದಿದ್ದೆ, ತಡವಾಯಿತು. ಇವತ್ತು ಗಡಿಯಾರವನ್ನು ಬೇರೆ ಒಂದು ಗಂಟೆ ಮುಂದೆ ತಳ್ಳಿ ನನ್ನ ಭಾನುವಾರವನ್ನು ಇನ್ನಷ್ಟು ಚಿಕ್ಕದು ಮಾಡಿದ್ದಾರೆ.

ನನ್ನ ಕಾಗದ ಓದಿ ನೀನು ಅವತ್ತು ಮೆಸೇಜು ಮಾಡದೆ ಫೋನೇ ಮಾಡಿದೆ. ಹುಳಿ ಕುದಿದು ತಳ ಹಿಡಿಯಿತು, ಹಿಡಿಯಲಿ ಎಂದು ಬಿಟ್ಟೆ. "ಅಮ್ಮಾ, ದಟ್ಸ್ ಆಕ್ಚುಲೀ ದ ಕ್ವೆಶ್ಚನ್!" ಎಂದೆಯಲ್ಲ, ಆ 'ಆಕ್ಚುಲೀ' ಒಂದನ್ನು ಕ್ಷಮಿಸಿದ್ದೇನೆ.

ನೀನು ಹೇಳಿದ್ದನ್ನು ಕ್ಲಾಸಿನಲ್ಲಿ ಹಾಗೆಯೇ ಒಪ್ಪಿಸಿದೆ. ಆ ಜಮೀನ್ದಾರರನ್ನು ಯಾರೂ ಸರಪಳಿ ಕಟ್ಟಿ ಎಳೆದು ತರಲಿಲ್ಲ. ಪದವಿ, ಪಿಂಚಣಿ, ಮಗಳ ಮದುವೆ ಎಲ್ಲವೂ ರಾಜನ ಕಣ್ಣಿಗೆ ಬೀಳುವುದರ ಮೇಲೆ ನಿಂತಿತ್ತು. ಊರಲ್ಲೇ ಉಳಿದವನ ಹೆಸರು ಯಾರಾದರೂ ಎತ್ತಿದರೆ "ಅವರನ್ನು ನಾನು ನೋಡಿಯೇ ಇಲ್ಲವಲ್ಲ" ಎನ್ನುತ್ತಿದ್ದನಂತೆ ರಾಜ, ಅಲ್ಲಿಗೆ ಆ ಮನೆತನದ ಕಥೆ ಮುಗಿಯಿತು ಎಂದೆ. ರಾಜನೂ ಅವರಿಗೆ ಎಷ್ಟೋ ಬಿಟ್ಟುಕೊಡಬೇಕಾಗಿತ್ತು, ಹೆಸರಿಗೆ ನಿರಂಕುಶ ಪ್ರಭುವಾದರೂ ಒಳಗೊಳಗೆ ಎಲ್ಲವೂ ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ಎಂದು ನೀನು ಹೇಳಿದ್ದನ್ನೂ ಸೇರಿಸಿದೆ. ಮಿಸೆಸ್ ನೋವಾಕ್ ಕನ್ನಡಕ ತೆಗೆದು, "ಇದು ಯಾವ ಪುಸ್ತಕದಲ್ಲಿದೆ?" ಎಂದು ಕೇಳಿದರು. "ಇನ್ನೂ ಬಂದಿಲ್ಲ. ನನ್ನ ಮಗಳು ಬರೆಯುತ್ತಿದ್ದಾಳೆ" ಎಂದೆ. ವಾಲ್ಟರ್ ಚಪ್ಪಾಳೆ ತಟ್ಟಿದರು.

ಇನ್ನು ನಿಮ್ಮಪ್ಪನ ಕಥೆ ಕೇಳು. ಕಳೆದ ತಿಂಗಳ ಚಳಿಗೆ ನನ್ನ ಕಾರಿನ ಬ್ಯಾಟರಿ ಸತ್ತುಹೋಯಿತು. ಮೈನಸ್ ಐದು ಫ್ಯಾರನ್‌ಹೀಟು! ಅವರು ನನ್ನನ್ನು ಬಿಡಲು ಬಂದವರು, ಕಾಫಿ ಸಿಗುತ್ತದೆಂದು ಹಿಂದಿನ ಸಾಲಿನಲ್ಲಿ ಕೂತರು. ಅವತ್ತಿನ ಪಾಠ ಲೂಯಿಯ ವರ್ಸೇಲ್ಸ್ ಅರಮನೆಯ ಕಾರಂಜಿಗಳದ್ದು. ಎಲ್ಲವನ್ನೂ ಒಟ್ಟಿಗೆ ಹಾರಿಸುವಷ್ಟು ನೀರು ಅಲ್ಲಿ ಇರಲೇ ಇಲ್ಲವಂತೆ. ರಾಜ ತೋಟದಲ್ಲಿ ನಡೆದು ಬರುವಾಗ ಮಾಲಿಗಳು ಶಿಳ್ಳೆ ಹಾಕಿ ಒಬ್ಬರಿಗೊಬ್ಬರು ತಿಳಿಸಿ, ಅವನ ಮುಂದಿನ ಕಾರಂಜಿಯನ್ನು ಬಿಟ್ಟು, ಅವನು ದಾಟಿದ ಮೇಲೆ ಹಿಂದಿನದನ್ನು ಮುಚ್ಚುತ್ತಿದ್ದರಂತೆ. ನದಿಯಿಂದ ನೀರೆತ್ತಲು ಹದಿನಾಲ್ಕು ದೈತ್ಯ ಚಕ್ರಗಳ ಯಂತ್ರವನ್ನೇ ಕಟ್ಟಿಸಿದ್ದನಂತೆ.

ಹಿಂದಿನ ಸಾಲಿನಿಂದ ಕೈ ಮೇಲೆದ್ದಿತು. "ಎಷ್ಟು ಅಡಿ ಎತ್ತರಕ್ಕೆ? ನಡುವೆ ಎಷ್ಟು ಕಡೆ ಪಂಪು? ಸೋರಿಕೆ ಎಷ್ಟು?" ಜೀವನವಿಡೀ ಪಂಪು ಡಿಸೈನ್ ಮಾಡಿದ ಮನುಷ್ಯನಿಗೆ ಇದಕ್ಕಿಂತ ಏನು ಬೇಕು? ಮರುವಾರದಿಂದ ಅವರೂ ಖಾಯಂ ವಿದ್ಯಾರ್ಥಿ. ಬೇಸ್‌ಮೆಂಟಿನಲ್ಲಿ ಮೀನಿನ ತೊಟ್ಟಿಯ ಕೊಳವೆ, ನಿನ್ನ ಹಳೆಯ ಸೈಕಲ್ಲಿನ ಚಕ್ರ ಜೋಡಿಸಿ ಏನೋ ಕಟ್ಟುತ್ತಿದ್ದಾರೆ. "ಅಂವ ಮುನ್ನೂರು ವರ್ಷದ ಹಿಂದ ನೀರು ಏರಿಸ್ಯಾನ, ನನಗಾಗೂದಿಲ್ಲೇನ?" ಎನ್ನುತ್ತಾರೆ.

ಈಗ ನನ್ನ ಕಷ್ಟ. ಕೊನೆಯ ಕ್ಲಾಸಿನಲ್ಲಿ ಪ್ರತಿಯೊಬ್ಬರೂ ಒಬ್ಬ ರಾಜನ ಬಗ್ಗೆ ಹತ್ತು ನಿಮಿಷ ಮಾತಾಡಬೇಕು. ವಾಲ್ಟರ್ ರಷ್ಯಾದ ಪೀಟರನನ್ನು ಹಿಡಿದಿದ್ದಾರೆ. ನಾನು ನಮ್ಮವನನ್ನೇ ಆರಿಸಿಕೊಂಡೆ. ಚಿಕ್ಕದೇವರಾಜ ಒಡೆಯರು. ವರ್ಷಾ, ಅವರು ಲೂಯಿಯ ಕಾಲದವರೇ ಎಂದು ನನಗೆ ಇಷ್ಟು ವಯಸ್ಸಾದರೂ ಹೊಳೆದಿರಲಿಲ್ಲ! ಅಲ್ಲಿ ಅವನು ಜಮೀನ್ದಾರರನ್ನು ಅರಮನೆಗೆ ಕರೆಸಿಕೊಳ್ಳುತ್ತಿದ್ದಾಗ ನಮ್ಮ ಮೈಸೂರಿನಲ್ಲಿ ಇವರು ಪಾಳೆಯಗಾರರನ್ನು ಬಗ್ಗಿಸಿ, ಹದಿನೆಂಟು ಚಾವಡಿಗಳೆಂಬ ಕಚೇರಿಗಳನ್ನು ಮಾಡಿ, ಊರೂರಿಗೆ ಅಂಚೆ ಇಡುತ್ತಿದ್ದರು. ಶ್ರೀರಂಗಪಟ್ಟಣದಲ್ಲಿ ನಾನು ಈಜು ಕಲಿತ ನಾಲೆ ಅವರದ್ದೇ ಹೆಸರಿನದು.

ಊಟಕ್ಕೆ ಕೂತಾಗ ಇದನ್ನು ಸಂಭ್ರಮದಿಂದ ಹೇಳಿದೆ. ನಿಮ್ಮಪ್ಪ ತಲೆ ಎತ್ತದೆ, "ನಂಜನಗೂಡಾಗ ಏನಾತು, ಅದನ್ನ ಹೇಳ್ತೀಯೋ ಇಲ್ಲೋ?" ಎಂದರು.

"ಏನಾಯ್ತು?"

"ತೆರಿಗಿ ಹೆಚ್ಚಾತು ಅಂತ ರೈತರು ಎದ್ದು ನಿಂತ್ರು. ಜಂಗಮರು ಅವರ ಬೆನ್ನಿಗೆ ನಿಂತ್ರು. ಮಾತಾಡೂಣು ಬರ್ರಿ ಅಂತ ಕರಸಿ ಕೊಲ್ಲಿಸಿದ. ನಮ್ಮ ಅಜ್ಜ ಈ ಕತಿ ಹೇಳೂಮುಂದ ಕೈಯಾಗಿನ ತುತ್ತು ಕೆಳಗಿಡ್ತಿದ್ದ. ನಿಮ್ಮ ಮೈಸೂರ ಮಂದಿ ಅರ್ಧಾನ ಹೇಳ್ತೀರಿ."

"ಅದು ನೂರು ವರ್ಷ ಆದ್ಮೇಲೆ ಇಂಗ್ಲಿಷಿನವನೊಬ್ಬ ಬರೆದದ್ದು ರೀ. ನಾಲೆ ಮಾತ್ರ ಕಣ್ಣೆದುರಿಗೇ ಇದೆ. ನೀವೇ ನೋಡಿದೀರಲ್ಲ?"

"ನಾಲಿ ತೋಡಿಸಿದಾಂವ ತಲಿ ತೆಗಸಂಗಿಲ್ಲ ಅಂತ ಎಲ್ಲೆ ಐತಿ?"

ಇಬ್ಬರೂ ಅರ್ಧ ಊಟಕ್ಕೇ ಎದ್ದೆವು. ಅವರು ತಮ್ಮ ತಟ್ಟೆಯನ್ನು ತಾವೇ ತೊಳೆದಿಟ್ಟು ಬೇಸ್‌ಮೆಂಟಿಗೆ ಇಳಿದರು. ಅವರು ತಟ್ಟೆ ತೊಳೆದರೆ ಎಷ್ಟು ಕೋಪವೆಂದು ನಿನಗೆ ಗೊತ್ತಲ್ಲ. ಎರಡು ದಿನ ನಮ್ಮ ಮನೆಯಲ್ಲಿ "ಉಪ್ಪು ಕೊಡು", "ತಗೊಳ್ಳಿ" ಬಿಟ್ಟರೆ ಬೇರೆ ಮಾತಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿ, ಮಹಾರಾಜನೊಬ್ಬನಿಗಾಗಿ ಜಗಳವಾಡಿದವರು ಇಡೀ ಇಲಿನಾಯ್‌ನಲ್ಲಿ ನಾವೇ ಇರಬೇಕು. ಈಗ ನಗು ಬರುತ್ತದೆ, ಅವತ್ತು ಬರಲಿಲ್ಲ.

ನಾನೇನು ಮಾಡಲಿ? ನಂಜನಗೂಡನ್ನು ಬಿಟ್ಟರೆ ನಿಮ್ಮಪ್ಪ ಹಿಂದಿನ ಸಾಲಿನಲ್ಲಿ ಕೂತಿರುತ್ತಾರೆ. ಹೇಳಿದರೆ, ನಿಜವೋ ಅಲ್ಲವೋ ತಿಳಿಯದ್ದನ್ನು ಅಷ್ಟು ಜನರ ಮುಂದೆ ಹೇಳಿದಂತಾಗುತ್ತದೆ. ನೀನಾದರೆ ಏನು ಮಾಡುತ್ತಿದ್ದೆ? ಬರೆದದ್ದನ್ನು ಈಮೇಲಿನಲ್ಲಿ ಕಳಿಸುತ್ತೇನೆ, ನೋಡಿಕೊಡು.

ಚೆನ್ನಾಗಿ ನಿದ್ದೆ ಮಾಡು. ಇದು ಡಾಕ್ಟರಾಗಿ ಹೇಳುತ್ತಿರುವುದು.

ನಿನ್ನ
ಅಮ್ಮ

*

ಡೌನರ್ಸ್ ಗ್ರೋವ್
6 ಏಪ್ರಿಲ್ 2025, ಭಾನುವಾರ

ಪ್ರೀತಿಯ ನನ್ನ ಟೀಚರಮ್ಮನಿಗೆ,

ಮಂಗಳವಾರವೇ ಬರೆಯಬೇಕಾದದ್ದನ್ನು ಈಗ ಬರೆಯುತ್ತಿದ್ದೇನೆ. ಫೋನಿನಲ್ಲಿ "ಚೆನ್ನಾಗಾಯ್ತು" ಎಂದಷ್ಟೇ ಹೇಳಿ ಉಳಿದದ್ದನ್ನು ಕಾಗದಕ್ಕೆಂದು ಬೇಕೆಂದೇ ಇಟ್ಟುಕೊಂಡೆ, ಕ್ಷಮಿಸು.

ಮೊದಲು ನಿನ್ನ ಮೇಲೆ ಒಂದು ದೂರು. ನಾಲ್ಕು ಪುಟ ಬರೆದು ಕಳಿಸಿದರೆ ಅಂಚಿನ ತುಂಬ "ಸೋರ್ಸ್?" "ಸೋರ್ಸ್?" ಎಂದು ಬರೆದು ವಾಪಸು ಕಳಿಸಿದೆ. ನಿನ್ನ ಹೋಂವರ್ಕನ್ನು ನಾನು ಯಾವತ್ತಾದರೂ ಹೀಗೆ ನೋಡಿದ್ದೆನೇ? ಆದರೆ ಕೊನೆಯಲ್ಲಿ ಒಂದು ಮಾತು ಬರೆದಿದ್ದೆ: ಯಾರು ಹೇಳಿದ್ದು, ಯಾವಾಗ ಹೇಳಿದ್ದು, ಯಾವುದು ಗೊತ್ತಿಲ್ಲ, ಮೂರನ್ನೂ ಹೇಳು, ಗೊತ್ತಿಲ್ಲ ಎನ್ನುವುದೂ ಉತ್ತರವೇ. ಆ ಪುಟವನ್ನು ಆಸ್ಪತ್ರೆಯ ನನ್ನ ಲಾಕರಿನ ಬಾಗಿಲಿಗೆ ಅಂಟಿಸಿದ್ದೇನೆ.

ಕೊನೆಯ ಕ್ಲಾಸಿಗೆ ಎಲ್ಲರೂ ತಿಂಡಿ ತಂದಿದ್ದರು. ನಾನು ಚಕ್ಕುಲಿ ಒಯ್ದಿದ್ದೆ. ವಾಲ್ಟರ್ ಪೀಟರನ ಕಥೆ ಹೇಳಿದರು. ಅವನು ಗಡ್ಡಕ್ಕೆಲ್ಲ ತೆರಿಗೆ ಹಾಕಿದ್ದನಂತೆ. ಹೇಳುವಾಗ ಪಾಪ, ವಾಲ್ಟರ್ ತಮ್ಮ ಗಡ್ಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಆಮೇಲೆ ನಿಮ್ಮಪ್ಪನ ಕಾರಂಜಿ. ಮೇಜಿನ ಮೇಲೆ ಪ್ಲಾಸ್ಟಿಕ್ ಟಬ್ಬು, ಸೈಕಲ್ ಚಕ್ರ, ಕೊಳವೆ, ತಮ್ಮ ಕೈಯಾರೆ ಮಾಡಿದ ಎರಡು ಪಂಪು. ಮಿಸೆಸ್ ನೋವಾಕ್ ರಾಜನ ಹಾಗೆ ನಡೆದು ಬರಬೇಕು, ವಾಲ್ಟರ್ ಶಿಳ್ಳೆ ಹಾಕಬೇಕು, ನಿಮ್ಮಪ್ಪ ಚಕ್ರ ತಿರುಗಿಸಬೇಕು. ಮಿಸೆಸ್ ನೋವಾಕ್ ಶಾಲು ಹೊದ್ದು ಗಂಭೀರವಾಗಿ ಬಂದರು. ಶಿಳ್ಳೆಯೂ ಬಂತು. ನೀರು ಬರಲಿಲ್ಲ. "ಒಂದ್ ನಿಮಿಷ, ಏರ್ ಸಿಕ್ಕೊಂಡೈತಿ" ಎಂದು ನಿಮ್ಮಪ್ಪ ಅಮೆರಿಕನ್ನರಿಗೆ ಕನ್ನಡದಲ್ಲೇ ಹೇಳಿ, ಜೋರಾಗಿ ತಿರುಗಿಸಿದರು. ನೀರು ಒಮ್ಮೆಲೇ ಎದ್ದು ಸೀಲಿಂಗಿಗೆ ಹೊಡೆದು, ಮಿಸೆಸ್ ನೋವಾಕರ ತಲೆಯ ಮೇಲೆ ಇಳಿಯಿತು. ಲೈಬ್ರರಿಯ ಹುಡುಗಿ ಟವೆಲು ಹಿಡಿದು ಓಡಿಬಂದಳು. ಮಿಸೆಸ್ ನೋವಾಕ್ ಮುಖ ಒರೆಸಿಕೊಂಡು, "ಲೂಯಿಗೂ ಇಷ್ಟು ಒಳ್ಳೆಯ ಪಂಪು ಇರಲಿಲ್ಲ" ಎಂದರು. ನಿಮ್ಮಪ್ಪನ ಮುಖ ನೀನು ನೋಡಬೇಕಿತ್ತು. ನಮ್ಮ ಮದುವೆಯ ಫೋಟೋದಲ್ಲೂ ಆ ನಗು ಇಲ್ಲ.

ಎಲ್ಲರೂ ಇನ್ನೂ ನಗುತ್ತಿರುವಾಗಲೇ ನನ್ನ ಸರದಿ ಬಂತು. ನಾಲೆ ಹೇಳಿದೆ, ಹದಿನೆಂಟು ಚಾವಡಿ ಹೇಳಿದೆ. ಅಂಚೆಯವರು ಓಲೆಯ ಜೊತೆಗೆ ಜನರ ಗುಟ್ಟನ್ನೂ ರಾಜನಿಗೆ ಒಯ್ಯುತ್ತಿದ್ದರಂತೆ ಎಂದಾಗ ಎಲ್ಲರೂ ತಮ್ಮ ತಮ್ಮ ಫೋನು ನೋಡಿಕೊಂಡು ನಕ್ಕರು. ಆಮೇಲೆ ನಂಜನಗೂಡಿಗೆ ಬಂದೆ. ಹಿಂದಿನ ಸಾಲಿನಲ್ಲಿ ನಿಮ್ಮಪ್ಪ ಒದ್ದೆ ಟವೆಲನ್ನು ಮಡಚುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

ನೀನು ಹೇಳಿಕೊಟ್ಟ ಹಾಗೆಯೇ ಹೇಳಿದೆ. ಹೊಸ ತೆರಿಗೆಗೆ ರೈತರು ಎದ್ದದ್ದು, ಜಂಗಮರು ಅವರ ಜೊತೆ ನಿಂತದ್ದು, ಅವರನ್ನು ಕರೆಸಿ ಕೊಲ್ಲಿಸಿದನೆಂದು ಬಹಳ ಕಾಲದ ನಂತರ ಒಬ್ಬ ಇಂಗ್ಲಿಷ್ ಅಧಿಕಾರಿ ಬರೆದದ್ದು, ಎಷ್ಟು ನಿಜ ಎಂಬುದರ ಬಗ್ಗೆ ಇವತ್ತಿಗೂ ವಾದ ಇರುವುದು. "ಇದು ಹೀಗೆಯೇ ನಡೆಯಿತೆಂದು ನಾನು ಹೇಳಲಾರೆ. ನಡೆಯಲಿಲ್ಲ ಎಂದೂ ಹೇಳಲಾರೆ. ಆದರೆ ಮುನ್ನೂರು ವರ್ಷದ ಮೇಲೆ, ಇಲ್ಲಿಂದ ಎರಡು ಮೈಲಿ ದೂರದ ನನ್ನ ಅಡುಗೆಮನೆಯಲ್ಲಿ, ಈ ಮಾತಿಗಾಗಿ ಇಬ್ಬರು ಊಟ ಬಿಟ್ಟು ಎದ್ದರು. ಅಷ್ಟು ನನಗೆ ಖಚಿತವಾಗಿ ಗೊತ್ತು" ಎಂದೆ.

ವಾಲ್ಟರ್, "ಆ ನಾಲೆಯಲ್ಲಿ ಈಗಲೂ ನೀರು ಹರಿಯುತ್ತದೆಯೇ?" ಎಂದು ಕೇಳಿದರು. ಹರಿಯುತ್ತದೆ ಎಂದೆ. ಮಿಸೆಸ್ ನೋವಾಕ್ ಒದ್ದೆ ಕೂದಲಲ್ಲೇ ಎದ್ದು ಬಂದು, "ಇಷ್ಟು ವರ್ಷ ಈ ಕಾಲದ ನಕ್ಷೆ ಬರೆಯುವಾಗ ನಾನು ಯುರೋಪಿನ ಅಂಚಿಗೆ ಬಂದು ನಿಲ್ಲಿಸಿಬಿಡುತ್ತಿದ್ದೆ" ಎಂದು ನನ್ನ ಕೈ ಹಿಡಿದುಕೊಂಡರು.

ವಾಪಸು ಬರುವಾಗ ಆಗ್ಡನ್ ಅವೆನ್ಯೂ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ನಿಮ್ಮಪ್ಪ, "ಲತಾ, ಛಲೋ ಹೇಳಿದಿ. ಅಜ್ಜ ಇದ್ದಿದ್ರ ಊಟಾ ಮುಗಸ್ತಿದ್ದ" ಎಂದರು. ಮನೆಯ ಕಡೆ ತಿರುಗದೆ ಸೀದಾ ಲೊಂಬಾರ್ಡಿಗೆ ಹೋಗಿ ಮಸಾಲೆ ದೋಸೆ ಕೊಡಿಸಿದರು. ದೋಸೆ ಸುಮಾರಾಗಿತ್ತು. ನನಗೆ ಅಮೃತದ ಹಾಗಿತ್ತು.

ನಿನ್ನ ಕೆಲಸ ಏನೆಂದು ಅವತ್ತು ನನಗೆ ಅರ್ಥವಾಯಿತು, ಕಂದಾ. ಅದು ನನ್ನ ಕೆಲಸದ ಹಾಗೆಯೇ. ಔಷಧ ಎಲ್ಲರಿಗೂ ಗೊತ್ತಿರುತ್ತದೆ, ಎಷ್ಟು ಕೊಡಬೇಕು ಎಂಬುದರಲ್ಲೇ ಎಲ್ಲ ಇರುವುದು.

ಮೇ ತಿಂಗಳ ಮೆಮೋರಿಯಲ್ ಡೇ ರಜೆಗೆ ಬರುತ್ತೇನೆಂದು ಹೇಳಿದ್ದೀಯ. ನಿಮ್ಮಪ್ಪ ಈಗಲೇ ದಿನ ಎಣಿಸುತ್ತಿದ್ದಾರೆ. ಹಿತ್ತಲಲ್ಲಿ ದೊಡ್ಡ ಕಾರಂಜಿ ಕಟ್ಟುವ ಯೋಜನೆಯಿದೆ, ರೇನ್‌ಕೋಟು ತಂದುಕೋ. ನಿನ್ನ ಕಣ್ಣು, ಬೆನ್ನು, ಮನಸ್ಸು ಮೂರೂ ಗಟ್ಟಿಯಾಗಿರಲಿ. ನೀನು ಕೂತು ಬರೆಯುವ ಮೇಜಿಗೆ ಒಳ್ಳೆಯ ಬೆಳಕು ಬೀಳಲಿ. ನಮ್ಮಿಬ್ಬರ ಆಶೀರ್ವಾದ ಯಾವಾಗಲೂ ನಿನ್ನ ಮೇಲಿದೆ.

ನಿನ್ನನ್ನು ಹೆತ್ತ, ಈಗ ನಿನ್ನ ವಿದ್ಯಾರ್ಥಿನಿಯಾದ
ಅಮ್ಮ

ತಾ.ಕ.: ಇದನ್ನು ಬರೆಯಲೋ ಬೇಡವೋ ಎಂದು ಕವರು ಅಂಟಿಸುವ ಮೊದಲು ಎರಡು ಸಲ ಕಾಫಿ ಮಾಡಿಕೊಂಡು ಕುಡಿದೆ. ನವೆಂಬರಿನಲ್ಲಿ, ನಿಮ್ಮ ಆನ್ ಆರ್ಬರಿನ ಪಕ್ಕದ ಕ್ಯಾಂಟನ್ನಿನ ನಿರುಪಮಾ ಆಂಟಿ ನಮ್ಮ ಮೆಡಿಕಲ್ ಕಾಲೇಜಿನ ಗ್ರೂಪಿಗೆ ಒಂದು ಫೋಟೋ ಹಾಕಿದ್ದರು. "ನಮ್ಮ ವರ್ಷಾಳ ಮೊದಲ ಲೆಕ್ಚರು, ಹಾಲ್ ಪೂರ್ತಿ ತುಂಬಿತ್ತು" ಎಂದು ಬರೆದಿದ್ದರು. ನೀನು ನನ್ನ ಹಸಿರು ಇಳಕಲ್ ಸೀರೆ ಉಟ್ಟಿದ್ದೆ. ನೆರಿಗೆ ಚೆನ್ನಾಗಿ ಕೂತಿತ್ತು, ಯಾರು ಉಡಿಸಿದರೋ. ನೀವ್ಯಾಕೆ ಬರಲಿಲ್ಲ ಎಂದು ನಿರುಪಮಾ ಫೋನಿನಲ್ಲಿ ಕೇಳಿದಾಗ ನಿಮ್ಮಪ್ಪ, "ಲತಾಗ ಡ್ಯೂಟಿ ಇತ್ತು" ಎಂದರು. ಆಮೇಲೆ ಆ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ, ನಿನ್ನ ಹಿಂದಿದ್ದ ಪರದೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದಿ ಹೇಳಿದರು. ನಾನು ಬರೆದುಕೊಂಡೆ. ನೀನು ಏನು ಓದುತ್ತಿದ್ದೀಯ ಎಂದು ನಮಗೆ ಗೊತ್ತಾದದ್ದು ಹಾಗೆ, ನಾನು ಲೈಬ್ರರಿಯ ಕ್ಲಾಸಿಗೆ ಸೇರಿದ್ದೂ ಅದಕ್ಕೇ. ಯಾಕೆ ಹೇಳಲಿಲ್ಲ ಎಂದು ಕೇಳುತ್ತಿಲ್ಲ. ಮುಂದಿನ ಸಲ ಮಾತ್ರ ಹೇಳು. ಪೂರಾ ಫ್ರೆಂಚಿನಲ್ಲೇ ಮಾತಾಡಿದರೂ ಪರವಾಗಿಲ್ಲ, ಬಂದು ಕೂತಿರುತ್ತೇವೆ.